ಉಳಿದ ಗುಳಿಗೆಗಳು

ಮಾಳಿಗೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ವರ್ಷದ ಖಾರಕ್ಕೆ ಬೇಕಾಗುವಷ್ಟು ಕೆಂಪು ಮೆಣಸಿನಕಾಯಿ ಹಳೆಯ ಧೋತರದ ಮೇಲೆ ಹರವಿತ್ತು. ಅರ್ಧ ಮುಗಿದಿತ್ತು, ಅರ್ಧ ಉಳಿದಿತ್ತು. ಇಚಲಕರಂಜಿಯ ನಮ್ಮ ಮನೆಯ ಹಿಂದೆಯೇ ನಮ್ಮ ಎಂಟು ಕರೆಂಟಿನ ಮಗ್ಗಗಳ ಶೆಡ್ಡು ಇತ್ತು. ಅವುಗಳ ಖಟಖಟ ಸದ್ದಿನೊಳಗೇ ಹದಿನಾರು ವರ್ಷ ಸಂಸಾರ ಮಾಡಿದವಳು ನಾನು. ಆ ಸದ್ದು ನನಗೆ ಕೇಳಿಸುತ್ತಲೇ ಇರಲಿಲ್ಲ. ಅಂದು ಮಾತ್ರ ಒಂದು ಮಗ್ಗ ನಿಂತಿತು, ಇನ್ನೊಂದು ನಿಂತಿತು, ನೋಡುತ್ತ ನೋಡುತ್ತ ಎಂಟೂ ನಿಂತವು. ಕರೆಂಟು ಹೋಯಿತೇನೋ ಎಂದುಕೊಂಡು ಮತ್ತೊಂದು ಮುಷ್ಟಿ ಮೆಣಸಿನಕಾಯಿ ಎತ್ತಿಕೊಂಡೆ.

ಆಗ ಪಕ್ಕದ ಮನೆಯ ವಹಿನಿ ಕೆಳಗಿನಿಂದ ಕೂಗಿದಳು. "ವಹಿನೀ, ಖಾಲೀ ಯಾ! ಲವಕರ ಯಾ! ದಾದಾಂನಾ ಕಾಯತರೀ ಝಾಲಂಯ!" ಅತ್ತಿಗೇ, ಬೇಗ ಕೆಳಗೆ ಬಾ, ಅಣ್ಣನವರಿಗೆ ಏನೋ ಆಗಿದೆ ಎಂದು; ನಾವಿಬ್ಬರೂ ಒಬ್ಬರಿಗೊಬ್ಬರು ವಹಿನಿಯೇ.

ಮೆಟ್ಟಿಲನ್ನು ಹೇಗೆ ಇಳಿದೆನೋ ನೆನಪಿಲ್ಲ. ನಮ್ಮ ಮನೆಯವರು ಮೂರನೆಯ ಮಗ್ಗದ ಕಾಲಿಗೆ ಆತುಕೊಂಡು ನೆಲದ ಮೇಲೆ ಕೂತಿದ್ದರು. ಬಾಯಿ ಎಡಕ್ಕೆ ಎಳೆದಿತ್ತು. ಬಲಗೈ ಬೇರೆಯವರದೆಂಬಂತೆ ತೊಡೆಯ ಪಕ್ಕ ಬಿದ್ದಿತ್ತು. ಎಡಗೈಯಲ್ಲಿ ಮಾತ್ರ ಹರಿದ ನೂಲಿನ ತುದಿ ಹಿಡಿದುಕೊಂಡೇ ಇದ್ದರು. ನಾನು ಮುಖ ಹಿಡಿಯಲು ಹೋದೆ.

"ಏ, ಖಾರದ ಕೈ! ಮುಟ್ಟಬ್ಯಾಡ!" ಎಂದು ಅತ್ತೆ ಚೀರಿ, ತಮ್ಮ ಸೆರಗಿನಿಂದ ಮಗನ ಬಾಯಿ ಒರೆಸಿದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಮ್ಮ ಮನೆಯವರಿಗೆ ಆಗ ನಲವತ್ನಾಲ್ಕು ವರ್ಷ. ಮಕ್ಕಳಿಬ್ಬರೂ ರಜೆಗೆಂದು ಗಡಹಿಂಗ್ಲಜದ ನನ್ನ ತವರಿಗೆ ಹೋಗಿದ್ದರು. ಅವರು ಆ ಮುಖವನ್ನು ನೋಡಲಿಲ್ಲವಲ್ಲ, ಅದು ಒಂದು ಪುಣ್ಯ. ಎರಡನೆಯ ಪುಣ್ಯ, ಎದುರಿನ ಓಣಿಯಲ್ಲಿ ಕೊಲ್ಹಾಪುರಕ್ಕೆ ಹೊರಟಿದ್ದ ಟೆಂಪೋ. ಅದರ ತುಂಬ ಬಟ್ಟೆಯ ಗಂಟುಗಳಿದ್ದವು. ಡ್ರೈವರ್ ಒಂದು ಮಾತೂ ಕೇಳದೆ ನಾಲ್ಕು ಗಂಟು ಕೆಳಗೆ ಎಸೆದು, ಉಳಿದವನ್ನು ಹಾಸಿಗೆಯಂತೆ ಹೊಂದಿಸಿದ. ದಾರಿಯುದ್ದಕ್ಕೂ ಅತ್ತೆ ಮಗನ ಕಿವಿಯಲ್ಲಿ ನಮ್ಮ ಜೈನರ ಣಮೋಕಾರ ಮಂತ್ರ ಹೇಳುತ್ತಿದ್ದರು. ನನಗೆ ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳುವಂತಿರಲಿಲ್ಲ. ಒರೆಸಿದರೆ ಖಾರ! ಎರಡೂ ಕೈ ಮುಂದೆ ಚಾಚಿಕೊಂಡು ಕೊಲ್ಹಾಪುರದವರೆಗೆ ಹಾಗೆಯೇ ಕೂತೆ. ಪಂಚಗಂಗೆಯ ಸೇತುವೆ ಬಂದಾಗ ಅವರು ಎಡಗಾಲು ಅಲ್ಲಾಡಿಸಿದರು. ಅದನ್ನೂ ಪುಣ್ಯವೆಂದು ಎಣಿಸಿಕೊಂಡೆ.

ದವಾಖಾನೆಯ ಡಾಕ್ಟರರು ಮೂರು ದಿನ ಏನನ್ನೂ ಹೇಳಲಿಲ್ಲ. ಅವರ ತಾಯಿ ಚಿಕ್ಕೋಡಿ ಕಡೆಯವರಂತೆ, ಹೀಗಾಗಿ ನಮ್ಮೊಡನೆ ನಮ್ಮ ಮಾತೇ ಆಡುತ್ತಿದ್ದರು. ಸಿಟ್ಟು ಬಂದರೆ ಮಾತ್ರ ಮರಾಠಿ. ನಾಲ್ಕನೆಯ ದಿನ ಅವರು ಚಮಚದಲ್ಲಿ ನೀರು ಕುಡಿಸಿ ನೋಡಿದರು. ನೀರು ಹೊರಗೆ ಬರಲಿಲ್ಲ, ಗಂಟಲಲ್ಲಿ ಇಳಿಯಿತು! ಹನ್ನೆರಡನೆಯ ದಿನ ಬಲಗಾಲಿನ ಹೆಬ್ಬೆರಳು ಅಲುಗಿತು. ನಾನು ಕಾಟಿನ ತುದಿಯಲ್ಲಿ ನಿಂತು ಅದನ್ನೇ ನೋಡುತ್ತಿದ್ದೆ. ಮಗು ಮಗ್ಗುಲಾದಾಗ ತಾಯಿಗೆ ಆಗುವ ಸಂಭ್ರಮ ನನಗೆ ಆ ಬೆರಳಿಗೆ ಆಯಿತು. "ಅತ್ತೀ, ಬೆರಳು! ಬೆರಳು ನೋಡ್ರಿ!" ಎಂದು ಕೂಗಿದ್ದಕ್ಕೆ ನರ್ಸಮ್ಮ ಬೈದರು. ಬೈಯಲಿ.

ಮನೆಗೆ ಕಳಿಸುವ ದಿನ ಡಾಕ್ಟರರು ನನ್ನನ್ನು ಕೂಡಿಸಿಕೊಂಡು ಬಿಡಿಸಿ ಹೇಳಿದರು.

"ನೋಡ್ರಿ ತಾಯಿ, ಇದು ಮೊದಲನೇದು. ಇದರಾಗಿಂದ ಪಾರಾದ್ರು. ಕೈ, ಕಾಲು, ಮಾತು ಮೊದಲಿನ ಆರು ತಿಂಗಳದಾಗ ಜೋರಾಗಿ ಸುಧಾರಿಸ್ತಾವ, ಆಮ್ಯಾಲ ಸಾವಕಾಶ. ನನಗ ಅದರ ಚಿಂತಿ ಇಲ್ಲ. ನನ್ನ ಚಿಂತಿ ಎರಡನೇದ್ದು. ಎರಡನೇದು ಬರಬಾರದು. ಅದೂ ಮೊದಲನೇ ವರ್ಷ ಭಾಳ ಜ್ವಾಕಿ."

"ಬರದಂಗ ಏನ ಮಾಡ್ಬೇಕ್ರಿ?"

"ರಕ್ತದ ಒತ್ತಡ ಏರಬಾರದು. ಉಪ್ಪು ಕಡಿಮಿ ಮಾಡ್ರಿ. ಈ ಗುಳಿಗಿ ಮುಂಜಾನೆ ಒಂದ, ರಾತ್ರಿ ಒಂದ. ದಿನಾ. ಆರಾಮ ಆತು ಅಂತ ಬಿಡೂದಲ್ಲ, ಇರೂತನಕ."

ಹೌದ್ರಿ, ಹೌದ್ರಿ ಎಂದು ತಲೆಯಾಡಿಸಿದೆ. ಅತ್ತೆಯೂ ತಲೆಯಾಡಿಸಿದರು. ಗುಳಿಗೆಯ ಪುಡಿಕೆಯನ್ನು ಡಾಕ್ಟರರ ಕೈಯಿಂದ ಇಸಿದುಕೊಂಡವರೂ ಅತ್ತೆಯೇ.

ಮನೆಗೆ ಬಂದ ಮೇಲೆ ಕೆಲಸ ತಾನಾಗಿಯೇ ಹಂಚಿಕೆಯಾಯಿತು. ಅಡುಗೆ, ನೀರು ನನ್ನದು. ಮಗ್ಗಗಳನ್ನು ನೋಡಿಕೊಳ್ಳುವುದೂ ನನ್ನದೇ ಆಯಿತು. ಆಳುಗಳಿದ್ದರು, ಆದರೂ ಮನೆಯ ಪೈಕಿ ಒಬ್ಬರು ಶೆಡ್ಡಿನಲ್ಲಿ ಇರಲೇಬೇಕು. ಮಗನ ಸ್ನಾನ, ಎಣ್ಣೆ ತಿಕ್ಕುವುದು, ಗುಳಿಗೆ ಎಲ್ಲ ಅತ್ತೆಯದು. ಗುಳಿಗೆಗಳನ್ನು ಒಂದು ಹಿತ್ತಾಳೆಯ ಡಬ್ಬಿಗೆ ಹಾಕಿ ದೇವರ ಮಾಡದಲ್ಲಿ ಇಟ್ಟರು. ಬೆಳಗ್ಗೆ ಬಸದಿಗೆ ಹೋಗಿ, ಅಭಿಷೇಕದ ಗಂಧೋದಕ ತಂದು ಮಗನ ಹಣೆಗೆ ಹಚ್ಚಿ, ಆಮೇಲೆ ತಮ್ಮ ಕೈಯಾರೆ ಗುಳಿಗೆ ಬಾಯಿಗೆ ಹಾಕುತ್ತಿದ್ದರು. ಮಗನನ್ನು ಎರಡನೆಯ ಸಲ ಹೆತ್ತಂತೆ ಮಾಡುತ್ತಿದ್ದರು. ಅದರಲ್ಲಿ ನಾನು ಕೈ ಹಾಕಲಿಲ್ಲ.

ನೋಡಲು ಬಂದವರು ತಲೆಗೊಂದು ಔಷಧ ಹೇಳಿದರು. ಪಕ್ಕದ ಮನೆಯ ವಹಿನಿ ಮನಸ್ಸಿನಿಂದ ಒಳ್ಳೆಯವಳು. ಅವಳೂ ಒಂದು ದಿನ ಹೊಸ್ತಿಲಲ್ಲಿ ಕೂತು, "ಲಕವ್ಯಾಲಾ ಪಾರವ್ಯಾಚಂ ರಕ್ತ ಚೋಳಾ" ಎಂದಳು. ಲಕ್ವ ಹೊಡೆದವರಿಗೆ ಪಾರಿವಾಳದ ರಕ್ತ ತಿಕ್ಕಬೇಕಂತೆ.

ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. "ಅರಿಹಂತಾ! ಇರಿವಿ ಕಾಲಾಗ ಸಿಕ್ಕರ ಪಾಪ ಅನ್ನೂ ಮನಿಗೆ ಬಂದು ಪಾರಿವಾಳ ಕೊಯ್ರಿ ಅಂತಿ ಏನವಾ?"

"ನಾ ಎಲ್ಲಿ ಕೊಯ್ಯಿ ಅಂದ್ಯಾ ಆಜೀ? ನಾ ಕೊಯ್ದು ತಂದ ಕೊಡ್ತೀನಿ!" ಅವಳ ಕನ್ನಡ ಅಷ್ಟಕ್ಕಷ್ಟೇ, ಆದರೆ ಬಾಯಿ ಗಟ್ಟಿ. ಒಳಗೆ ಮಲಗಿದ್ದ ನಮ್ಮ ಮನೆಯವರು ಗೊಳ್ಳೆಂದು ನಕ್ಕರು. ದವಾಖಾನೆಯಿಂದ ಬಂದ ಮೇಲೆ ಮೊದಲ ನಗು ಅದು! ಅರ್ಧ ಬಾಯಿಯ ನಗು, ಆದರೂ ನಗುವೇ. ನಾನು ವಹಿನಿಗೆ ಚಹಾ ಮಾಡಿಕೊಟ್ಟೆ.

ಅಳುವೂ ಹಾಗೆಯೇ ಬರುತ್ತಿತ್ತು. ಒಂದು ಮಧ್ಯಾಹ್ನ ತವೆಯ ಮೇಲೆ ರೊಟ್ಟಿ ಚೆಂದಾಗಿ ಉಬ್ಬಿತು. ಅದನ್ನು ನೋಡಿ ಇವರು ಬಿಕ್ಕಿ ಬಿಕ್ಕಿ ಅಳತೊಡಗಿದರು. ನಾನು ಗಾಬರಿಯಾಗಿ, "ಯಾಕ್ರಿ, ಏನಾತ್ರಿ?" ಎಂದರೆ, "ಉಬ್ಬಿ...ತಲಾ" ಎಂದು ಇನ್ನಷ್ಟು ಅತ್ತರು. ಅದು ಬೇನೆಯ ಅಳು, ಮನುಷ್ಯನ ಅಳು ಅಲ್ಲ, ಬರಬರುತ್ತ ಇಳಿಯುತ್ತದೆ ಎಂದು ಡಾಕ್ಟರರು ಹೇಳಿದ ಮೇಲೆ ನಮಗೆ ಧೈರ್ಯ ಬಂತು. ಆಮೇಲಾಮೇಲೆ ರೊಟ್ಟಿ ಉಬ್ಬುವ ಮೊದಲೇ, "ಈಗ ಉಬ್ಬತೇತಿ ನೋಡ್ರಿ, ಅಳಬ್ಯಾಡ್ರಿ" ಎಂದು ಹೇಳಿ ಉಬ್ಬಿಸುತ್ತಿದ್ದೆ.

ಬಲಗೈಗೆಂದು ಡಾಕ್ಟರರು ರಬ್ಬರಿನ ಚೆಂಡು ಹಿಸುಕಲು ಹೇಳಿದ್ದರು. ಇವರು ಎರಡು ದಿನ ಹಿಸುಕಿ ಮೂಲೆಗೆ ಒಗೆದರು. "ಸಣ್ಣ... ಹುಡುಗನ... ನಾನು?" ಎಂದರು. ಆಗ ಅತ್ತೆ ಶೆಡ್ಡಿನಿಂದ ನೂಲಿನ ತುಂಡುಗಳನ್ನು ಒಂದು ಬುಟ್ಟಿ ತಂದು ಮುಂದೆ ಸುರಿದರು. "ಚೆಂಡು ಬ್ಯಾಡ ಬಿಡು. ಇದನ್ನ ಜೋಡಿಸು. ಇದ ಬರತೇತೋ ಇಲ್ಲೋ ನಿನಗ?" ಹರಿದ ಎಳೆಗೆ ಎಳೆ ಸೇರಿಸಿ ಸಣ್ಣ ಗಂಟು ಹಾಕುವುದು ಮಗ್ಗದವರ ಮೊದಲ ಪಾಠ. ಇವರ ಗಂಟು ಬಟ್ಟೆಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ, ಓಣಿಯಲ್ಲೆಲ್ಲ ಹೆಸರಾಗಿತ್ತು. ಈಗ ಎಳೆ ಹಿಡಿದರೆ ಜಾರುವುದು, ಹಿಡಿದರೆ ಜಾರುವುದು. ದಿನಗಟ್ಟಲೆ ಕೂತರು. ಬೈದರು, ಅತ್ತರು, ಮತ್ತೆ ಕೂತರು.

ಒಂದು ಬೆಳಗ್ಗೆ ನಾನು ಹಿಟ್ಟು ನಾದುತ್ತಿದ್ದೆ. "ಏ... ಬಾ... ಇಲ್ಲಿ" ಎಂದು ಕರೆದರು. ಹೋಗಿ ನೋಡಿದರೆ ಅಂಗೈಯ ಮೇಲೆ ಒಂದು ಗಂಟು! ದಪ್ಪನೆಯದು, ಹುಣಸೆ ಬೀಜದಷ್ಟು, ಮಗ್ಗಕ್ಕೆ ಹಾಕಿದರೆ ಅಲ್ಲಿಯೇ ಸಿಕ್ಕಿಬೀಳುವಂಥದ್ದು. ಆದರೆ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸೇರಿ ಹಾಕಿದ್ದು. ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ, ಗೋಡೆಯ ಮೇಲಿನಿಂದ ವಹಿನಿಗೆ ಕೂಗಿ ಹೇಳಿದೆ.

"ಗಾಠ ಬಾಂಧಲೀ?" ಎಂದು ಅವಳೂ ಕೂಗಿದಳು. "ಪರತ ಲಗ್ನಾಚೀ ಕಾ ಕಾಯ?" ಗಂಟು ಹಾಕಿದರೇ, ಏನು, ಮತ್ತೊಮ್ಮೆ ಮದುವೆಯದೋ ಎಂದು.

ಇಷ್ಟೆಲ್ಲ ಒಳ್ಳೆಯದಾಗುತ್ತಿದ್ದರೂ ಒಂದು ಮಾತ್ರ ಆಗುತ್ತಿರಲಿಲ್ಲ. ತಿಂಗಳಿಗೊಮ್ಮೆ ಕೊಲ್ಹಾಪುರಕ್ಕೆ ಹೋಗುತ್ತಿದ್ದೆವು. ಡಾಕ್ಟರರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದಾಗ ಪೆಟ್ಟಿಗೆಯೊಳಗಿನ ಪಾದರಸ, ಅವರ ಮಾತಿನಲ್ಲಿ ಪಾರಾ, ಸರ್ರನೆ ಮೇಲಕ್ಕೆ ಏರುತ್ತಿತ್ತು. ಎಲ್ಲಿ ನಿಂತರೆ ಡಾಕ್ಟರರ ಮುಖ ಅರಳುತ್ತದೆ, ಎಲ್ಲಿ ನಿಂತರೆ ಗಂಟಿಕ್ಕುತ್ತದೆ ಎಂದು ನಾನೂ ಕಲಿತುಬಿಟ್ಟಿದ್ದೆ. ಪ್ರತಿ ಸಲವೂ ಗಂಟಿಕ್ಕುವ ಕಡೆಯೇ. "ಗುಳಿಗಿ ತಗೋತೀರಿಲ್ಲೋ?" "ತಗೋತೇವ್ರಿ." ಎರಡನೆಯ ತಿಂಗಳು ಜೋರಿನ ಗುಳಿಗೆ ಬರೆದುಕೊಟ್ಟರು. ಮೂರನೆಯ ತಿಂಗಳು ಇನ್ನೂ ಜೋರಿನದು. ಪಾರಾ ಇಳಿಯಲಿಲ್ಲ.

ಶ್ರಾವಣದ ಒಂದು ಚತುರ್ದಶಿ. ಇವರಿಗೆ ಉಪವಾಸ. ಮಧ್ಯಾಹ್ನ ಗಂಟು ಹಾಕುತ್ತ ಕೂತವರ ಕೈಯಿಂದ ಎಳೆ ಜಾರಿತು. ಎತ್ತಿಕೊಳ್ಳಲಿಲ್ಲ. ನಾನು ಏನೋ ಕೇಳಿದೆ. ಉತ್ತರಕ್ಕೆ ಬಾಯಿ ತೆರೆದರು, ಮಾತಿನ ಬದಲು ಬರೀ ತೊದಲು. ಬಾಯಿ ಮತ್ತೆ ಎಡಕ್ಕೆ ಎಳೆಯತೊಡಗಿತು. ಎರಡನೆಯದು ಬಂತು, ಬಂದೇಬಿಟ್ಟಿತು ಎಂದುಕೊಂಡೆ. ಅತ್ತೆ ಮಗನ ತಲೆಯನ್ನು ಎದೆಗೆ ಒತ್ತಿ ಹಿಡಿದರು. ಕಾಲು ಗಂಟೆ. ಆಮೇಲೆ ಹೇಗೆ ಬಂತೋ ಹಾಗೆ ಹೋಯಿತು. "ಕುತಿಗಿ... ಬಿಡವಾ, ಉಸಿರು ಕಟ್ಟತೇತಿ" ಎಂದು ತಾಯಿಗೆ ಹೇಳಿದರು. ಆ ಮಾತು ಕೇಳಿ ನಾನು ನೆಲಕ್ಕೆ ಹಣೆ ಹಚ್ಚಿದೆ.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಕೊಲ್ಹಾಪುರ. ಡಾಕ್ಟರರು ಎಲ್ಲ ಕೇಳಿ, ಪಾರಾ ನೋಡಿ, "ಇದು ಬಾಗಲಾ ಬಡದು ಹೋಗೇತಿ" ಎಂದು ಹೇಳಿ ಹೊಸ ಗುಳಿಗೆ ಬರೆಯಲು ಪೆನ್ನು ತೆಗೆದರು. ನಾನು ಅವರಿಗೆ ತೋರಿಸಲೆಂದೇ ಹಿತ್ತಾಳೆಯ ಡಬ್ಬಿಯನ್ನು ಚೀಲದಲ್ಲಿ ತಂದಿದ್ದೆ. ಅದನ್ನು ಮೇಜಿನ ಮೇಲಿಟ್ಟು ಹೆಮ್ಮೆಯಿಂದಲೇ ಹೇಳಿದೆ.

"ಹೊಸಾವು ಬರೀಬ್ಯಾಡ್ರಿ ಡಾಕ್ಟರ್ರ. ಭಗವಂತನ ದಯಾದಿಂದ ಮನ್ಯಾಗ ಭಾಳ ಉಳದಾವ. ತಿಂಗಳಿಂದು ತಂದ್ರ ಎರಡ ತಿಂಗಳ ಬರ್ತಾವ."

ಅವರು ಪೆನ್ನನ್ನು ಹಾಗೆಯೇ ಹಿಡಿದುಕೊಂಡು ನನ್ನ ಮುಖ ನೋಡಿದರು. ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಗುಳಿಗೆಗಳು ನಾಲ್ಕೂ ಕಡೆ ಉರುಳಿದವು.

"ಅಹೋ ಬಾಯಿ! ಗೋಳ್ಯಾ ಉರಲ್ಯಾ ಕಶಾ?"

ಗುಳಿಗೆ ಉಳಿದದ್ದು ಹೇಗೆ? ಮರಾಠಿ ಬಂತೆಂದರೆ ಸಿಟ್ಟು ಬಂತೆಂದೇ ಅರ್ಥ. ಉಳಿಯಬಾರದು ಎಂಬುದು ನನಗೆ ಹೊಳೆದೇ ಇರಲಿಲ್ಲ. ಎಣ್ಣೆ ಉಳಿದರೆ, ಬೇಳೆ ಉಳಿದರೆ ಹೇಗೆ ಪುಣ್ಯವೆಂದು ಎಣಿಸುತ್ತಿದ್ದೆನೋ ಹಾಗೆಯೇ ಗುಳಿಗೆ ಉಳಿದದ್ದನ್ನೂ ಪುಣ್ಯವೆಂದೇ ಎಣಿಸುತ್ತ ಬಂದಿದ್ದೆ.

"ಯಾರು ಕೊಡ್ತೀರಿ ಗುಳಿಗಿ?"

ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತರು. "ನಾನ ಕೊಡ್ತೇನ್ರಿ. ಬಸದಿಯಿಂದ ಬಂದ ಮ್ಯಾಲ ನನ್ನ ಕೈಯಾರೆ."

"ರಾತ್ರಿದು?"

"ರಾತ್ರಿ?" ತಿಳಿಗೇಡಿ ಪ್ರಶ್ನೆ ಕೇಳಿದ ಹುಡುಗನನ್ನು ನೋಡುವಂತೆ ಅತ್ತೆ ಡಾಕ್ಟರರನ್ನು ನೋಡಿದರು. "ಹೊತ್ತ ಮುಳುಗಿದ ಮ್ಯಾಲ ನಮ್ಮಾಗ ನೀರ ಸೈತ ಮುಟ್ಟಂಗಿಲ್ಲಲಾ. ನೀರಿಲ್ಲದ ಗುಳಿಗಿ ಹೆಂಗ ನುಂಗ್ತಾನ್ರಿ?"

"ಅಂದ್ರ ದಿನಾ ಒಂದ. ಬರೀ ಮುಂಜಾನೆ."

"ದಿನಾ ಅಲ್ರಿ. ಅಷ್ಟಮಿ, ಚತುರ್ದಶಿ ಬ್ಯಾರೆ ಬರ್ತಾವಲಾ. ಅವತ್ತು ಅವಂದು ನೀರಿಲ್ಲದ ಉಪವಾಸ."

ಡಾಕ್ಟರರು ಬೆರಳು ಮಡಚಿ ಎಣಿಸಿದರು. ತಿಂಗಳಿಗೆ ಅರವತ್ತು ಗುಳಿಗೆ ಹೊಟ್ಟೆಗೆ ಹೋಗಬೇಕಾಗಿತ್ತು, ಹೋದದ್ದು ಇಪ್ಪತ್ತಾರು. ಅವರು ಎದ್ದು ಕಿಟಕಿಯ ತನಕ ಹೋಗಿ ಬಂದರು. ಮರಾಠಿಯಲ್ಲಿ ನನ್ನನ್ನು, ಅತ್ತೆಯನ್ನು, ತಮ್ಮನ್ನು ಕೂಡ ಬೈದುಕೊಂಡರು. ಊಟ ಯಾವಾಗ ಮಾಡುತ್ತೀರಿ ಎಂದು ಒಂದು ಮಾತು ತಾವು ಕೇಳಲಿಲ್ಲವಲ್ಲ ಎಂದು. ಆಮೇಲೆ ಕೂತು ಮೆತ್ತಗೆ ಹೇಳಿದರು.

"ಆಜೀ, ರಾತ್ರಿ ಅಂದ್ರ ರಾತ್ರೀನ ಆಗ್ಬೇಕಂತಿಲ್ಲ. ಹೊತ್ತ ಮುಳುಗೂಕಿಂತ ಮೊದಲ ಊಟದ ಜೋಡಿ ಕೊಡ್ರಿ, ಸಾಕು."

ಅಷ್ಟೇ! ಇಷ್ಟು ತಿಂಗಳ ಭಯ ಒಂದು ಮಾತಿಗೆ ಅರ್ಧ ಕರಗಿತು. ನನಗೆ ಕುಣಿಯುವಂತಾಯಿತು. ಆದರೆ ಉಪವಾಸದ ದಿನದ ಮಾತು ಬಂದಾಗ, ನಮ್ಮ ಮನೆಯವರು ಬಾಯಿ ತೆರೆದರು.

"ಆಗಂ...ಗಿಲ್ಲ."

"ಯಾಕ್ರಿ?"

"ನಿಯಮ... ಐತಿ. ಇರೂತನಕ."

ತಂದೆ ತೀರಿಹೋದ ವರ್ಷ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ಮುನಿ ಮಹಾರಾಜರೊಬ್ಬರ ಮುಂದೆ ಇವರು ಹಿಡಿದ ನಿಯಮ ಅದು. ಮದುವೆಯ ಹಿಂದಿನ ದಿನ ಅಷ್ಟಮಿ ಬಂದಾಗಲೂ ಬಿಟ್ಟಿರಲಿಲ್ಲ. ಡಾಕ್ಟರರು ಗದರಿದರು, ರಮಿಸಿದರು, ಕೊನೆಗೆ ನನಗೆ ಹೇಳಿದರು. "ನಿನ್ನಿ ಬಂದದ್ದು ಮುಂದಿನ ಉಪವಾಸಕ್ಕ ಪೂರಾ ಬಂದ್ರ, ಈ ಸಲ ಏಳ್ತಾರು ಅಂತ ನಾ ಮಾತ ಕೊಡಂಗಿಲ್ರಿ."

ಮುಂದಿನ ಅಷ್ಟಮಿಗೆ ಎಂಟೇ ದಿನ ಉಳಿದಿತ್ತು.

ಮನೆಗೆ ಬಂದ ಮೇಲೆ ಎರಡು ದಿನ ಅತ್ತೆಯದು ಎರಡೇ ಕೆಲಸ. ಹೊತ್ತು ಮುಳುಗುವ ಮೊದಲು ಗುಳಿಗೆ ಕೊಡುತ್ತಿದ್ದರು, ಜಪಕ್ಕೆ ಕೂಡುತ್ತಿದ್ದರು. ಮೂರನೆಯ ದಿನ ನಾನು ಅಕ್ಕಿ ಹಸನು ಮಾಡುತ್ತಿದ್ದಾಗ ಪಕ್ಕಕ್ಕೆ ಬಂದು ಕೂತರು.

"ಇಷ್ಟ ದಿನ ಗುಳಿಗಿ ತಪ್ಪಿಸಿದಾಕಿ ನಾನ. ನನ್ನ ಕೈಯಾರೆ ತಪ್ಪಿಸೇನಿ. ಈಗ ವ್ರತ ಮುರಿ ಅಂತ ಹೇಳಾಕೂ ನನ್ನ ಬಾಯಿ ಬರವಲ್ದು. ನಾ ಏನ ಮಾಡ್ಲವಾ?"

ಹದಿನಾರು ವರ್ಷದಲ್ಲಿ ಅತ್ತೆ ನನ್ನನ್ನು ಏನು ಮಾಡಲಿ ಎಂದು ಕೇಳಿದ್ದು ಅದೇ ಮೊದಲು.

"ಕೊಟ್ಟವರನ್ನ ಕೇಳೂನ್ರಿ ಅತ್ತಿ. ನಿಯಮ ಕೊಡೂದು ಮಹಾರಾಜರು. ಬಿಡಿಸೂದು, ಬದಲ ಮಾಡೂದು ಅವರ ಕೈಯಾಗ ಇಲ್ಲೇನು? ನಮ್ಮ ತವರೂರಾಗ ಚಾತುರ್ಮಾಸಕ್ಕ ಮಹಾರಾಜರು ಬಂದಾರ. ಹೋಗೂನು."

ಆ ನಿಯಮ ಕೊಟ್ಟ ಮುನಿಗಳು ಎಂದೋ ಸಮಾಧಿಯಾಗಿದ್ದರು. ಮಳೆಗಾಲದ ನಾಲ್ಕು ತಿಂಗಳು ಗಡಹಿಂಗ್ಲಜದ ಬಸದಿಯಲ್ಲಿ ಬೇರೊಬ್ಬ ಮುನಿ ಮಹಾರಾಜರು ನಿಂತಿದ್ದರು. ಅಷ್ಟಮಿ ಇನ್ನು ಮೂರು ದಿನ ಇದೆಯೆನ್ನುವಾಗ ಹೊರಟೆವು. ಕಾಗಲಕ್ಕೆ ಒಂದು ಬಸ್ಸು, ಅಲ್ಲಿಂದ ನಿಪ್ಪಾಣಿ, ಸಂಕೇಶ್ವರ ದಾಟಿ ಇನ್ನೊಂದು. ಇವರು ಕೋಲು ಹಿಡಿದು, ಒಂದು ಕಡೆ ನಾನು, ಇನ್ನೊಂದು ಕಡೆ ಅತ್ತೆ. ಕಾಗಲದಲ್ಲಿ ಬಸ್ಸಿನ ಮೆಟ್ಟಿಲಿಗೆ ಬಲಗಾಲು ಏಳಲಿಲ್ಲ. ಹಿಂದಿನಿಂದ ಜನ ಚಲಾ ಚಲಾ ಎಂದು ನೂಕುತ್ತಿದ್ದರು. ಕಂಡಕ್ಟರ್ ಇಳಿದು ಬಂದು, "ಥಾಂಬಾ ರೇ!" ಎಂದು ಅವರನ್ನೆಲ್ಲ ತಡೆದು, ಆ ಕಾಲನ್ನು ತನ್ನ ಎರಡೂ ಕೈಯಿಂದ ಎತ್ತಿ ಮೆಟ್ಟಿಲ ಮೇಲಿಟ್ಟ. ಯಾವ ತಾಯಿಯ ಮಗನೋ. ಸಂಕೇಶ್ವರ ದಾಟುವವರೆಗೂ ಅವನಿಗೆ ಒಳ್ಳೆಯದಾಗಲೆಂದು ಜಪ ಮಾಡಿದೆ.

"ನಮೋಸ್ತು ಮಹಾರಾಜ" ಎಂದು ಮೂವರೂ ನಮಸ್ಕರಿಸಿ ಕೂತೆವು. "ಸದ್ಧರ್ಮವೃದ್ಧಿರಸ್ತು" ಎಂದು ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿ ಹರಸಿದರು. ಹೇಳಬೇಕಾದ್ದನ್ನು ಅತ್ತೆ ಹೇಳಲಾರದೆ ಹೋದರು, ನಾನೇ ಹೇಳಿದೆ. ಗುಳಿಗೆ ಉಳಿದದ್ದು, ನಾನು ಹೆಮ್ಮೆಪಟ್ಟದ್ದು, ಡಾಕ್ಟರರು ಬೈದದ್ದು, ಒಂದನ್ನೂ ಬಿಡದೆ. ಮಹಾರಾಜರು ಬ್ಯಾಡ ಎಂದುಬಿಟ್ಟರೆ ಮುಂದೆ ಹೋಗಲು ಇನ್ನೊಂದು ಬಾಗಿಲು ಇರಲಿಲ್ಲ.

ಮಹಾರಾಜರು ನಮ್ಮ ಮನೆಯವರನ್ನೇ ಕೇಳಿದರು. "ನಿನಗ ಉಪವಾಸ ಬಿಡೂದು ಬ್ಯಾಡ, ಹೌದಲ್ಲೋ?"

"ಹೌ...ದ್ರಿ."

"ಬಿಡಬ್ಯಾಡ. ಬ್ಯಾನಿ ಇದ್ದಾವಗ ಉಪವಾಸದ ಬದಲಿ ಏಕಭುಕ್ತ ಐತಿ. ಅಷ್ಟಮಿ ಚತುರ್ದಶಿಗೆ ಒಂದ ಹೊತ್ತ ಉಣ್ಣು. ಕಾಸಿದ ನೀರಿನ ಜೋಡಿ ಮುಂಜಾನೆ ಗುಳಿಗಿ, ಹೊತ್ತ ಇದ್ದಾಗ ಸಂಜೀದು. ಔಷಧ ಊಟ ಅಲ್ಲ. ಇಷ್ಟ ವರ್ಷ ಮಾಡಿದ್ದು ಎಲ್ಲೀನೂ ಹೋಗೂದಿಲ್ಲ."

ಇವರು ತಲೆ ತಗ್ಗಿಸಿಯೇ ಇದ್ದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಮಹಾರಾಜರು ಮತ್ತೆ ಹೇಳಿದರು.

"ಬಿಡಿಸಿದ್ದಕ್ಕ ಪ್ರತಿ ಒಂದ ಕೊಡ್ತೇನಿ. ತಗೋತಿ? ಇವತ್ತಿನಿಂದ ನಿನಗ ಹೊಸಾ ನಿಯಮ. ದಿನಾ ಎರಡ ಗುಳಿಗಿ. ಒಂದ ದಿನಾನೂ ತಪ್ಪಂಗಿಲ್ಲ. ಇರೂತನಕ."

ಇವರು ತಲೆ ಎತ್ತಿದರು. ಡಾಕ್ಟರರು ಹೇಳಿದ ಮಾತೇ ಅದು, ಇರೂತನಕ. ಆದರೆ ಇಲ್ಲಿ ಅದು ನಿಯಮವಾಗಿ ಬಂತು! ಎಡಗೈಯಿಂದ ಬಲಗೈಯನ್ನು ಎತ್ತಿ ಕೂಡಿಸಿ ಕೈಮುಗಿದು, "ತಗೊಂಡೆ... ಮಹಾರಾಜ" ಎಂದರು.

ಅತ್ತೆಗೆ ಎಲ್ಲಿಂದ ಉಮೇದು ಬಂತೋ, ಮುಂದಕ್ಕೆ ಸರಿದು ಗಡಬಡಿಸಿ ಹೇಳಿದರು. "ಹಂಗಾದ್ರ ಮಹಾರಾಜ, ಉಪ್ಪಿಂದೂ ಒಂದ ನಿಯಮ ಕೊಟ್ಟಬಿಡ್ರಿ! ಸಪ್ಪನ ಊಟಕ್ಕ ಭಾಳ ತಕರಾರ ಮಾಡ್ತಾನ. ಕದ್ದು ಉಪ್ಪಿನಕಾಯಿ ತಿಂತಾನ!"

"ಅವ್ವಾ!" ಎಂದು ಇವರು ತಾಯಿಯ ಕಡೆ ತಿರುಗಿದರು. ಬೇನೆ ಬಂದ ಮೇಲೆ ಅಷ್ಟು ಸ್ಪಷ್ಟವಾಗಿ ಒಂದು ಶಬ್ದ ಅವರ ಬಾಯಿಂದ ಬಂದಿರಲಿಲ್ಲ. ಮಹಾರಾಜರೂ ನಕ್ಕರು. ನಮ್ಮಲ್ಲಿ ಉಪ್ಪು ಬಿಡುವುದೂ ಒಂದು ತ್ಯಾಗವೇ. ಉಪ್ಪಿನಕಾಯಿ, ಹಪ್ಪಳ ಪೂರ್ತಿ ಬಂದ್, ಮೇಲುಪ್ಪು ಬಂದ್ ಎಂದು ಅದೂ ಆಯಿತು. ಡಾಕ್ಟರರ ಮಾತಿಗೆ ನಾಲ್ಕು ತಿಂಗಳು ಜಗಳವಾಡಿದ ಮನುಷ್ಯ, ಅಂದು ಸಂಜೆ ನನ್ನ ತವರಿನಲ್ಲಿ ತಟ್ಟೆಯಲ್ಲಿದ್ದ ಮಾವಿನ ಉಪ್ಪಿನಕಾಯಿಯನ್ನು ತಾವೇ ಪಕ್ಕಕ್ಕೆ ಸರಿಸಿದರು. ನಮ್ಮ ಅವ್ವ ಬೇಜಾರು ಮಾಡಿಕೊಂಡಳು. ನಾನು ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ, ಆಮೇಲೆ ಅತ್ತುಬಿಟ್ಟೆ.

ಆ ಅಷ್ಟಮಿ ಬಂತು. ಬೆಳಗ್ಗೆ ಗುಳಿಗೆ ಬಾಯಿಗೆ ಹೋಗುವುದನ್ನು ಅತ್ತೆ, ನಾನು, ಇಬ್ಬರು ಮಕ್ಕಳು, ಸಾಲದ್ದಕ್ಕೆ ಪಕ್ಕದ ಮನೆಯ ವಹಿನಿ, ಎಲ್ಲರೂ ನಿಂತು ನೋಡಿದೆವು. "ಜಾತ್ರಿ... ಏನ ಇದು?" ಎಂದರು ಇವರು. ಗುಟುಕ್ಕೆಂದು ನುಂಗಿದರು.

ಮುಂದಿನ ತಿಂಗಳು ಕೊಲ್ಹಾಪುರದಲ್ಲಿ ಪಾರಾ ಏರಿತು, ನಿಂತಿತು. ಡಾಕ್ಟರರ ಹುಬ್ಬು ಬಿಚ್ಚುವ ಕಡೆ! ಅವರು ನಂಬದೆ ಇನ್ನೊಂದು ತೋಳಿಗೂ ಸುತ್ತಿ ನೋಡಿದರು. "ಮಹಾರಾಜರು ಏನ ಔಷಧ ಕೊಟ್ರ್ರಿ?" ಎಂದು ಕೇಳಿದರು. "ನಿಮ್ಮದನ್ನ ಕೊಟ್ರ್ರಿ" ಎಂದೆ. ಅವರು ಗಹಗಹಿಸಿ ನಕ್ಕರು. ಇನ್ನು ಮುಂದೆ ತಮ್ಮಲ್ಲಿ ಬರುವ ಪ್ರತಿಯೊಬ್ಬರನ್ನೂ ಊಟ ಎಷ್ಟೊತ್ತಿಗೆ, ಉಪವಾಸ ಯಾವತ್ತು ಎಂದು ಮೊದಲು ಕೇಳಿ ಆಮೇಲೆ ಚೀಟಿ ಬರೆಯುತ್ತೇನೆಂದು ಹೇಳಿದರು.

ಎಲ್ಲವೂ ಮೊದಲಿನಂತಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಲಗಾಲು ಇಂದಿಗೂ ಸ್ವಲ್ಪ ಎಳೆಯುತ್ತದೆ, ಆ ಕಾಲಿನ ಚಪ್ಪಲಿ ಮೊದಲು ಸವೆಯುತ್ತದೆ. ಭಾರದ ಕೆಲಸ ಆಗಲಿಲ್ಲ. ಮಧ್ಯಾಹ್ನವಾದರೆ ದಣಿವು, ಒಂದು ತಾಸು ಮಲಗಲೇಬೇಕು. ಗುರುತಿನವರ ಹೆಸರು ಕೆಲವೊಮ್ಮೆ ಮರೆಯುತ್ತಾರೆ. ಆದರೆ ಅಳು ಒಂದು ವರ್ಷದೊಳಗೆ ಹೋಯಿತು. ಮಾತು ಸಾವಕಾಶವಾಯಿತು, ಅಷ್ಟೇ. ಮೊದಲೂ ಇವರೇನು ಭಾಳ ಮಾತಿನವರಲ್ಲ. ಮೊದಲ ವರ್ಷ ದಾಟಿದ ದಿನ ಹೋಳಿಗೆ ಮಾಡಿದೆ, ಓಣಿಗೆಲ್ಲ ಹಂಚಿದೆ. ಏನು ವಿಶೇಷ ಎಂದರೆ ಏನೂ ಇಲ್ಲ ಎಂದೆ. ಏನೂ ಆಗದಿದ್ದುದೇ ನನಗೆ ಹಬ್ಬ. ಎರಡನೆಯ ವರ್ಷ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂತು ಎಳೆ ಜೋಡಿಸತೊಡಗಿದರು. ಹುಣಸೆ ಬೀಜದಷ್ಟಿದ್ದ ಗಂಟು ಸಾಸಿವೆಯಷ್ಟಾಯಿತು, ಆಮೇಲೆ ಕಾಣದಂತಾಯಿತು. ಅತ್ತೆ ಐದನೆಯ ವರ್ಷ ಕಣ್ಣು ಮುಚ್ಚಿದರು. ಮಗ ತನ್ನ ಕಣ್ಣ ಮುಂದೆ ನಡೆದಾಡುವುದನ್ನು ನೋಡಿಯೇ ಹೋದರು. ಆಮೇಲೆ ಗುಳಿಗೆ ನನ್ನ ಪಾಲಿಗೆ ಬಂತು.

ಏಳನೆಯ ವರ್ಷದ ಒಂದು ದಿನ ಇಬ್ಬರೂ ಕೊಲ್ಹಾಪುರಕ್ಕೆ ಹೋಗಿದ್ದೆವು. ಡಾಕ್ಟರರ ತಲೆ ಆಗಲೇ ನೆರೆತಿತ್ತು. ಪಾರಾ ನೋಡಿ, ಕೈ ಹಿಡಿಸಿ ನೋಡಿ, ನಡೆಸಿ ನೋಡಿ ಹೇಳಿದರು. "ಇನ್ನ ಆರ ತಿಂಗಳಿಗೊಮ್ಮೆ ಬಂದ್ರ ಸಾಕ್ರಿ."

ಏಳು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. "ಹಂಗಾರ ಎರಡನೇದು ಬರೂದಿಲ್ಲಲ್ರಿ?"

"ಬರೂದಿಲ್ಲ ಅಂತ ನಾ ಹೆಂಗ ಬರದ ಕೊಡ್ಲಿ ತಾಯಿ? ಒಮ್ಮೆ ಬಂದವರಿಗೆ ಅಂಜಿಕಿ ಪೂರಾ ಹೋಗೂದಿಲ್ಲ. ಆದ್ರ ಏಳ ವರ್ಷ ಬಾಗಲದಾಗ ತಡದ ನಿಲ್ಲಿಸೀರಿ. ಹಿಂಗ ನಿಲ್ಲಿಸ್ಕೋತ ಹೋಗ್ರಿ."

"ಗುಳಿಗಿ... ಉಳದಿಲ್ರಿ" ಎಂದರು ನಮ್ಮ ಮನೆಯವರು, ಗಂಭೀರವಾಗಿ. "ಹೊಸಾವು... ಬರೀರಿ."

ಡಾಕ್ಟರರು ಮೇಜು ತಟ್ಟಿ ನಕ್ಕರು. ಮರಳಿ ಬರುವ ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಬರುವುದಿಲ್ಲ ಎಂದು ಅವರು ಹೇಳಿದ್ದರೆ ಬಹುಶಃ ಅಷ್ಟು ಸಂತೋಷ ಆಗುತ್ತಿರಲಿಲ್ಲ. ನಾವು ತಡೆದು ನಿಲ್ಲಿಸಿದ್ದೇವೆ ಎಂದರಲ್ಲ, ನಾವು! ಅವರೂ ಮಹಾರಾಜರೂ ಅತ್ತೆಯೂ ಇವರೂ, ಹೆಡ್ಡಳಂತೆ ಗುಳಿಗೆ ಎಣಿಸದೆ ಕೂತ ನಾನೂ. "ಏನ ಒಬ್ಬಾಕಿನ... ನಗಾಕತ್ತಿ?" ಎಂದು ಇವರು ಕೇಳಿದರು. "ಏನಿಲ್ರಿ, ನಿಮಗೇನು?" ಎಂದೆ.

ಓಣಿಯ ತಿರುವಿಗೆ ಬರುವಷ್ಟರಲ್ಲಿ ವಹಿನಿಯ ಕೂಗು ಕೇಳಿಸಿತು. ನಳಕ್ಕೆ ನೀರು ಬಿಟ್ಟಿದ್ದರು, ಎರಡು ದಿನದ ಮೇಲೆ. ಚೀಲವನ್ನು ಇವರ ಕೈಗೆ ಕೊಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಓಡಿದೆ. ಕೊಡದ ಬಾಯಿಗೆ ಸೋಸುವ ಬಟ್ಟೆ ಕಟ್ಟಿ ನಳದ ಕೆಳಗೆ ಇಟ್ಟೆ. ಎರಡು ಕೊಡ ತುಂಬುವುದರೊಳಗೆ ಧಾರೆ ಸಣ್ಣದಾಯಿತು. ಬಟ್ಟೆ ಬಿಚ್ಚಿ ಮೂರನೆಯದಕ್ಕೆ ಕಟ್ಟಿದೆ.